ಊದುಬತ್ತಿಯ ಹೊಗೆ ಬಾಗಿದ ಕಡೆ

ಪೆಟ್ರೋಲಿನ ವಾಸನೆಯೂ ಊದುಬತ್ತಿಯ ವಾಸನೆಯೂ ಒಟ್ಟಿಗೆ ಬಂದರೆ ಇಂದಿಗೂ ನಾನು ಅಲ್ಲಿಂದ ಎದ್ದು ಹೋಗುತ್ತೇನೆ. ಮೊನ್ನೆ ಮೊಮ್ಮಗನ ಹೊಸ ಸ್ಕೂಟರಿಗೆ ಪೂಜೆ ಮಾಡುವಾಗ ಹಾಗೆಯೇ ಆಯಿತು; ಮಂಗಳಾರತಿ ಮುಗಿಯುವ ಮೊದಲೇ ಒಳಗೆ ಬಂದು ಕುಳಿತೆ. ಅಜ್ಜಿಗೆ ವಯಸ್ಸಾಯಿತು, ನಿಲ್ಲಲಾರಳು ಎಂದುಕೊಂಡರು. ವಯಸ್ಸಲ್ಲ. ಆ ಎರಡು ವಾಸನೆಗಳ ನಡುವೆ ತೆರಕಣಾಂಬಿಯ ನಮ್ಮ ಮನೆ ಹಾಗೆಯೇ ಇದೆ: ಉದ್ದನೆಯ ಜಗಲಿ, ಈರುಳ್ಳಿ ಹರಡಿದ ನಡುಮನೆ, ಬಾಗಿಲ ಮುಂದಿನ ಇಳಿಜಾರಿನಲ್ಲಿ ಮೂತಿ ತಗ್ಗಿಸಿ ನಿಂತ ಹಳೆಯ ವ್ಯಾನು. ಈಗ ಆ ಜಾಗದಲ್ಲಿ ಯಾರದೋ ಗೊಬ್ಬರದ ಅಂಗಡಿಯಿದೆ. ಮರೆತವರು ಸುಖವಾಗಿದ್ದಾರೆ. ನಾನು ಮರೆತಿಲ್ಲ.

ಐವತ್ತರ ದಶಕದ ಮಾತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗೆ ಹಾಕಿದ, ಹಿಂಬದಿ ತೆರೆದ ಆ ಗಾಡಿಯಲ್ಲಿ ಈರುಳ್ಳಿ ಮೂಟೆಗಳನ್ನು ಹೇರಿ ಗುಂಡ್ಲುಪೇಟೆಯ ಮಂಡಿಗೆ ಒಯ್ಯುವುದು ಅಪ್ಪಯ್ಯನ ವ್ಯಾಪಾರ. ನಮ್ಮ ಒಲೆ ಉರಿಯುತ್ತಿದ್ದುದೇ ಅದರಿಂದ. ಓಡಿಸುತ್ತಿದ್ದವನು ಅವ್ವನ ತಮ್ಮ, ಭೀಮನಬೀಡಿನ ಗುರುಸಿದ್ದಮಾವ. ಅವನು ಊಟಕ್ಕೆ ಕುಳಿತರೆ ಕೆನೆಮೊಸರು ಮೊದಲು ಅವನ ತಟ್ಟೆಗೆ, ತಿಳಿ ಮಜ್ಜಿಗೆ ಅಪ್ಪಯ್ಯನ ತಟ್ಟೆಗೆ. ಒಂದು ಸುಗ್ಗಿಯಲ್ಲಿ ಗಾಡಿಗೆ ಎರಡು ಕಾಯಿಲೆಗಳು ಒಟ್ಟಿಗೆ ಬಂದವು. ಓಡುವಾಗ ಸರಿಯಾಗಿರುತ್ತಿದ್ದ ಇಂಜಿನ್ನು, ಗಾಡಿ ನಿಲ್ಲಿಸಿದ ಕೂಡಲೇ ಸಣ್ಣಗೆ ಗುನುಗುತ್ತಿರುವ ಬದಲು ಕೆಮ್ಮಿ, ನಡುಗಿ, ಆರಿಹೋಗುತ್ತಿತ್ತು. ಸಂಜೆ ಚೆನ್ನಾಗಿದ್ದ ಬ್ಯಾಟರಿ ಬೆಳಗಾಗುವಷ್ಟರಲ್ಲಿ ಸತ್ತಿರುತ್ತಿತ್ತು. ತಳ್ಳಿ, ನೂಕಿ ಮಂಡಿ ತಲುಪುವ ವೇಳೆಗೆ ಒಳ್ಳೆಯ ಗಿರಾಕಿಗಳೆಲ್ಲ ಹೊರಟಿರುತ್ತಿದ್ದರು. "ಇದ್ಕೆ ವಯಸ್ಸಾಗೋಗದೆ ಬಾವ. ನಂಗೇ ಕೊಟ್ಬುಡಿ, ಎಂಗೋ ತಳ್ಕಂಡು ಓಡಿಸ್ಕತೀನಿ" ಎನ್ನುತ್ತಿದ್ದ ಮಾವ. ನನ್ನ ಕಿವಿಯಲ್ಲಿ, "ನಿಮ್ಮಪ್ಪನ ಕೈಗುಣವೇ ಸರಿಯಿಲ್ಲ ಕಣಮ್ಮಿ, ಅದ್ಕೇ ಗಾಡಿ ಮುನಿಸ್ಕಂಡದೆ" ಎಂದಿದ್ದ. ಗುಂಡ್ಲುಪೇಟೆಯಿಂದ ಬಳೆ ತಂದುಕೊಡುವ ಮಾವನ ಮಾತನ್ನು ನಾನು ನಂಬಿದ್ದೆ. ಪ್ರತಿ ಬೆಳಿಗ್ಗೆ ಜಗಲಿಯ ಕಂಬ ಹಿಡಿದು, ನಿಂತುಹೋಗಬೇಡಪ್ಪ ಎಂದು ಆ ಇಂಜಿನ್ನನ್ನೇ ಬೇಡಿಕೊಳ್ಳುತ್ತಿದ್ದೆ.

ಬ್ಯಾಟರಿ ಸತ್ತ ಅಂಥದೊಂದು ಬೆಳಿಗ್ಗೆ ಅಪ್ಪಯ್ಯ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸುವಾಗ ಅದು ಹಿಂದಕ್ಕೆ ಒದ್ದು ಅವರ ಬಲಗೈ ಮಣಿಕಟ್ಟು ಮುರಿಯಿತು. ಅವ್ವ ತನ್ನ ಹಳೆಯ ನೇರಳೆ ಸೀರೆಯನ್ನು ಸೀಳಿ, ಬಿದಿರಿನ ದಬ್ಬೆಯಿಟ್ಟು ಕಟ್ಟಿದಳು. ಅರಿಸಿನ ಬಣ್ಣದ ಅಂಚು, ಅದರೊಳಗೆ ಎರಡು ಕೆಂಪು ಗೆರೆ. ಸೀರೆಯ ಒಂದು ಮೂಲೆಯನ್ನು ಆಗಲೇ ಯಾರೋ ಸೀಳಿದ್ದರು. ಅದನ್ನು ನಾನು ನೋಡಿದ್ದೆ. ಅವ್ವ ಅಳುತ್ತಲೇ ಕಟ್ಟಿದಳು. ಆ ಅಳು ನಿಜವಾದದ್ದೇ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಕೈ ಕಟ್ಟಿಸಿಕೊಂಡು ಮನೆಯಲ್ಲಿ ಕುಳಿತ ಅಪ್ಪಯ್ಯ, ಗಾಡಿಯ ಕಾಯಿಲೆಯನ್ನು ತಾವೇ ಹುಡುಕುವೆನೆಂದು ಹಟ ತೊಟ್ಟರು. ಗುಂಡ್ಲುಪೇಟೆಯಲ್ಲಿ ಚಾರ್ಜು ಮಾಡಿಸಿದ ಬ್ಯಾಟರಿ ತರಿಸಿ, ಒಂದು ಸೋಮವಾರ ಸಂಜೆ ಇಂಜಿನ್ನು ಚಾಲೂ ಮಾಡಿ, ಆರದಂತೆ ಆಕ್ಸಿಲರೇಟರಿನ ಮೇಲೆ ಕಲ್ಲೊಂದನ್ನಿಟ್ಟರು. ದೇವರಮನೆಯಿಂದ ಹೊತ್ತಿಸಿದ ಊದುಬತ್ತಿ ತರಲು ನನಗೆ ಹೇಳಿದರು. "ಮನೇಗೆ ಬೆಂಕಿ ಇಕ್ಬುಡ್ತೀರಾ" ಎಂದು ಅವ್ವ ಬಾಗಿಲಿನಿಂದಲೇ ಕೂಗಿದಳು. ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತಿದ್ದ ಮಾವ ನಕ್ಕ. "ಏನ್ ಬಾವ, ಇಂಜನ್ನಿಗೂ ಸೋಮವಾರದ ಪೂಜೆಯಾ?" "ಊ ಕಣಪ್ಪ. ದೇವ್ರು ಎಲ್ಲವನೆ ಅಂತ ಉಡುಕ್ತಿವ್ನಿ" ಎಂದರು ಅಪ್ಪಯ್ಯ. ಎಡಗೈಯಲ್ಲಿ ಊದುಬತ್ತಿ ಹಿಡಿದು ಕಾರ್ಬೊರೇಟರಿನ ಸುತ್ತ, ಪೆಟ್ರೋಲು ಜಿನುಗುವ ಜಾಗವನ್ನು ತಪ್ಪಿಸಿ, ಮೆಲ್ಲಗೆ ಆಡಿಸಿದರು. ನೆಟ್ಟಗೆ ಏರುತ್ತಿದ್ದ ಹೊಗೆ ಒಂದೆಡೆ ಥಟ್ಟನೆ ಬಾಗಿ, ಎರಡು ಕಬ್ಬಿಣಗಳು ಕೂಡುವ ಸಂದಿನೊಳಗೆ ನುಸುಳಿಹೋಯಿತು. ಬೇಡದ ಗಾಳಿ ಅಲ್ಲಿಂದ ಒಳಹೋಗುತ್ತಿತ್ತು. ಅಲ್ಲಿಯ ನಟ್ಟುಗಳು ಬೆರಳಿಗೇ ತಿರುಗುವಷ್ಟು ಸಡಿಲವಾಗಿದ್ದವು. ಅವುಗಳ ಮೇಲೆ ಸ್ಪ್ಯಾನರಿನ ಹೊಸ ಗೀರುಗಳು ಮಿನುಗುತ್ತಿದ್ದವು. ಊದುಬತ್ತಿಯನ್ನು ನನಗೆ ಕೊಟ್ಟು, ಅವನ್ನು ಬಿಗಿ ಮಾಡಿ ಕಲ್ಲು ತೆಗೆದರು; ಇಂಜಿನ್ನಿನ ಕೆಮ್ಮು ನಿಂತಿತು. ಮಾವನ ನಗುವೂ ನಿಂತಿತು.

ಆಮೇಲೆ ಇಂಜಿನ್ನು ಆರಿಸಿ, ಬ್ಯಾಟರಿಯ ಒಂದು ತಂತಿ ಕಳಚಿ, ನಡುವೆ ಸಣ್ಣದೊಂದು ಬಲ್ಬು ಸಿಕ್ಕಿಸಿದರು. ಗಾಡಿಯಲ್ಲಿ ಏನೂ ಉರಿಯದಿರುವಾಗ ಆ ಬಲ್ಬು ಹತ್ತಬಾರದು. ಅದು ಮಂಕಾಗಿ ಹತ್ತಿತು. ಅಪ್ಪಯ್ಯ ಒಂದೊಂದೇ ತಂತಿಯನ್ನು ಬಿಚ್ಚುತ್ತ ಹೋದರು, ಬಲ್ಬು ಆರಲಿಲ್ಲ. ಕೊನೆಗೆ, ಬಟ್ಟೆ ಸುತ್ತಿದ ಒಂದು ಕೂಡಿಕೆಯನ್ನು ಎಳೆದಾಗ ಆರಿತು. ಆ ತಂತಿಯ ಜಾಡು ಹಿಡಿದು ಸೀಟಿನಡಿ ಕೈಹಾಕಿದರೆ ಸಿಕ್ಕಿದ್ದು ಬಿಸ್ಕತ್ತಿನ ಡಬ್ಬಿ. ಅದರೊಳಗೆ ಬೆಚ್ಚಗಿದ್ದ ಇನ್ನೊಂದು ಬಲ್ಬು. ಹಗಲೂ ರಾತ್ರಿ ಅದು ಯಾರಿಗೂ ಕಾಣದಂತೆ ಉರಿದು ನಮ್ಮ ಬ್ಯಾಟರಿಯನ್ನು ಬರಿದು ಮಾಡುತ್ತಿತ್ತು.

ಅಪ್ಪಯ್ಯ ಕೂಡಿಕೆಯ ಬಟ್ಟೆಯನ್ನು ಬಿಚ್ಚಿ ತಮ್ಮ ಮಣಿಕಟ್ಟಿನ ಪಕ್ಕ ಹಿಡಿದರು. ನೇರಳೆ, ಅರಿಸಿನದಂಚು, ಎರಡು ಕೆಂಪು ಗೆರೆ. "ಅಳೇ ಗಾಡಿ ಬಾವ, ಮಿಲ್ಟ್ರಿಯೋರು ಯಾವಾಗ್ಲೋ ಆಕಿರ್ತಾರೆ" ಎಂದ ಮಾವ. ಅಪ್ಪಯ್ಯ ಅವನತ್ತ ತಿರುಗಲಿಲ್ಲ, ಅವ್ವನನ್ನು ನೋಡಿದರು. ಅವ್ವ ಆ ಚಿಂದಿಯನ್ನು ನೋಡಿದಳು, ತಾನೇ ಕಟ್ಟಿದ ಕೈಯನ್ನು ನೋಡಿದಳು. "ಮಿಲ್ಟ್ರಿಯೋರೇ ಇರ್ಬೇಕು" ಎಂದಳು.

"ಮಿಲ್ಟ್ರಿಯೋರು ಸೀರೆ ಉಡ್ತಿದ್ರು ಅಂತ ನಂಗೊತ್ತಿರ್ನಿಲ್ಲ" ಎಂದ ಅಪ್ಪಯ್ಯ ಮತ್ತೆ ಆ ಮಾತೆತ್ತಲಿಲ್ಲ. ಕೈಗೆ ಕಟ್ಟಿದ್ದ ಬಟ್ಟೆಯನ್ನು ಹಲ್ಲಿನಿಂದ ಎಳೆದು ಬಿಚ್ಚಿ ಜಗಲಿಯ ಮೇಲಿಟ್ಟರು. ಮಣಿಕಟ್ಟು ಮುಂದೆ ಸೊಟ್ಟಗೇ ಕೂಡಿಕೊಂಡಿತು. ಕಡೆಯತನಕ ತುತ್ತೆತ್ತುವಾಗಲೆಲ್ಲ ಅನ್ನ ಚೆಲ್ಲುತ್ತಿತ್ತು. ತಂತಿಗಳನ್ನು ಮತ್ತೆ ಜೋಡಿಸಿ ಬೀಗದ ಕೈಯನ್ನು ಮಾವನ ಮುಂದೆ ಹಿಡಿದರು: "ತಗಂಡೋಗು. ಈಗ ಸರಿಯಾಗೇ ಅದೆ." ಬೇಡವೆನ್ನಬಹುದಿತ್ತು ಅವನು. ಕಣ್ಣೆತ್ತದೆ ತೆಗೆದುಕೊಂಡ.

ಅವ್ವ ಮುದುಕಿಯಾದ ಮೇಲೆ ಒಮ್ಮೆ ಕೇಳಿದೆ. "ಅವ ಬಟ್ಟೆ ಕೇಳ್ದ, ಯಾಕೆ ಏನು ಅನ್ನದೆ ಕೊಟ್ಬುಟ್ಟೆ. ಆಮ್ಯಾಕೆ ಏನ್ ಮಾಡನ? ತಮ್ಮ ಕಣಮ್ಮಿ" ಎಂದಳು. ಅಪ್ಪಯ್ಯ ಅವಳಿಗೆ ಯಾರಾಗಿದ್ದರು ಎಂದು ನಾನು ಕೇಳಲಿಲ್ಲ.

ಆ ಸಂಜೆ ಹೊರಡುವ ಮೊದಲು ಮಾವ ಗಾಡಿಯನ್ನು ಚಾಲೂ ಮಾಡಿ, ತನ್ನ ಬಟ್ಟೆಯ ಗಂಟು ತರಲು ಒಳಗೆ ಹೋದ. ಬಾಗಿಲ ಮುಂದೆ ಇಂಜಿನ್ನು ಸಣ್ಣಗೆ, ಸಮನಾಗಿ, ನಾವು ಅದುವರೆಗೆ ಕೇಳಿರದಷ್ಟು ಇಂಪಾಗಿ ಗುನುಗುತ್ತಿತ್ತು. ಅಪ್ಪಯ್ಯ ತಲೆ ವಾಲಿಸಿ ಆಲಿಸುತ್ತ ಕುಳಿತಿದ್ದರು. ಉರಿದು ಮುಗಿದ ಊದುಬತ್ತಿಯ ಕಡ್ಡಿ ಇನ್ನೂ ನನ್ನ ಕೈಯಲ್ಲೇ ಇತ್ತು. ಕಂಬ ಹಿಡಿದು, ಕಣ್ಣು ಮುಚ್ಚಿ, ಮೊದಲ ಸಲ ಬೇರೆಯದನ್ನು ಬೇಡಿದೆ: ನಿಂತುಹೋಗಪ್ಪ, ನಿಂತುಹೋಗು. ಅದು ನಿಲ್ಲಲಿಲ್ಲ.