ಅಮ್ಮನ ಮಣಿಕಟ್ಟಿನ ಪ್ಲೇಟು

ಅಮ್ಮ ಕಾಪು ಮಾರುಕಟ್ಟೆಯಲ್ಲಿ ಮೀನು ಮಾರುತ್ತಾಳೆ. ಎರ್ಮಾಳಿನ ನಮ್ಮ ಓಣಿಯಿಂದ ಆ ಕೆಲಸಕ್ಕೆ ಹೋಗುವವರಲ್ಲಿ ಅವಳೇ ಎಲ್ಲರಿಗಿಂತ ಗಿಡ್ಡ. ಅವಳ ಕೈಗೆ ಹತ್ತು ವರ್ಷದ ಹುಡುಗಿಯ ಬಳೆ ಹಿಡಿಸುತ್ತದೆ. ಆರು ವರ್ಷದ ಹಿಂದೆ ಮಾರುಕಟ್ಟೆಯ ಒದ್ದೆ ನೆಲದಲ್ಲಿ ಜಾರಿ, ಬಲಗೈ ಊರಿ ಬಿದ್ದಳು. ಮಣಿಕಟ್ಟಿನ ಎಲುಬು ಮುರಿಯಿತು. ಉಡುಪಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಟೈಟಾನಿಯಂ ಪ್ಲೇಟು ಕೂರಿಸಿದರು. ಆಗ ನಾನು ಡಿಪ್ಲೊಮಾ ಮುಗಿಸಿ, ಮಣಿಪಾಲದ ಒಂದು ಲ್ಯಾಬಿನಲ್ಲಿ ಯಂತ್ರಭಾಗಗಳ ಡ್ರಾಯಿಂಗ್ ಮಾಡುವ ಕೆಲಸಕ್ಕೆ ಸೇರಿದ್ದೆನಷ್ಟೆ.

ಗಾಯ ಒಣಗಿದರೂ ನೋವು ಹೋಗಲಿಲ್ಲ. ಹೆಬ್ಬೆರಳು ಮಡಚುವಾಗ ಒಳಗೆ ಏನೋ ಉಜ್ಜಿದ ಹಾಗೆ ಆಗುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ಆಪರೇಷನ್ ಮಾಡಿದ ಸರ್ಜನ್ ಹತ್ತಿರವೇ ಮೂರು ಸಲ ಕರೆದುಕೊಂಡು ಹೋದೆ. ಮೂರನೆಯ ಸಲ ಅವರು ಅವಳ ಕೈಯನ್ನು ಮುಟ್ಟಿಯೂ ನೋಡಲಿಲ್ಲ.

"ಬುಟ್ಟಿ ಹೊರಬೇಡಿ ಅಂತ ಹೇಳಿದ್ದೆನಲ್ವಾ? ಇವರಿಗೆಲ್ಲ ಎಷ್ಟು ಹೇಳಿದರೂ ಅಷ್ಟೇ," ಎಂದು ನರ್ಸ್ ಕಡೆ ತಿರುಗಿ ನಕ್ಕರು.

ಅಮ್ಮ ಬುಟ್ಟಿ ಮುಟ್ಟಿರಲಿಲ್ಲ. ಪಕ್ಕದಲ್ಲಿ ಕೂತು ಮೀನು ಮಾರುವ ನನ್ನ ದೊಡ್ಡಮ್ಮ ಆ ದಿನ ನಮ್ಮ ಜೊತೆ ಬಂದಿದ್ದಳು. ಡಾಕ್ಟರು ಹೇಳಿದ ಮಾತನ್ನು ಅವಳು ಇಡೀ ಮಾರುಕಟ್ಟೆಗೆ ಮುಟ್ಟಿಸಿದಳು. ದುಡ್ಡಿನ ಆಸೆಗೆ ಕೈ ಹಾಳು ಮಾಡಿಕೊಂಡವಳು ಎಂಬ ಹೆಸರು ಅಮ್ಮನಿಗೆ ಅಂಟಿತು. ಅಪ್ಪ ಸಹ ಅದನ್ನೇ ನಂಬಿದರು.

ಮುಂದಿನ ತಿಂಗಳು ಬಂಗುಡೆ ಕೊಯ್ಯುವಾಗ ಅಮ್ಮನ ಹೆಬ್ಬೆರಳು ನಿಂತುಹೋಯಿತು. ನೋವೂ ಇಲ್ಲ, ಮಡಚಲಿಕ್ಕೂ ಇಲ್ಲ. ಕಾರ್ಕಳದಲ್ಲಿ ಒಬ್ಬರು ಡಾಕ್ಟರಮ್ಮ ಇದ್ದರು. ಅವರು ಸ್ಕ್ಯಾನ್ ಮಾಡಿಸಿ ಕೂಡಲೇ ಹೇಳಿದರು: "ಪ್ಲೇಟು ಇವರ ಎಲುಬಿಗೆ ದೊಡ್ಡದಾಗಿದೆ. ತುದಿ ಮುಂದೆ ಚಾಚಿಕೊಂಡು ಉಂಟು. ಹೆಬ್ಬೆರಳಿನ ಸ್ನಾಯುರಜ್ಜು ಅದಕ್ಕೆ ಉಜ್ಜಿ ಉಜ್ಜಿ ಹರಿದುಹೋಗಿದೆ."

ಅವರು ಪ್ಲೇಟನ್ನು ತೆಗೆದು ಹರಿದದ್ದನ್ನು ಜೋಡಿಸಿದರು. ಆದರೆ ತಡವಾಗಿತ್ತು. ಹೆಬ್ಬೆರಳು ಅರ್ಧಕ್ಕಿಂತ ಹೆಚ್ಚು ಮಡಚಲಿಲ್ಲ. ತೆಗೆದ ಪ್ಲೇಟನ್ನೂ ಸ್ಕ್ಯಾನಿನ ಸಿ.ಡಿ.ಯನ್ನೂ ನಾನು ಕೇಳಿ ತೆಗೆದುಕೊಂಡೆ. ಯಾಕೆಂದು ಆಗ ನನಗೇ ಸರಿಯಾಗಿ ಗೊತ್ತಿರಲಿಲ್ಲ. ಆ ಸರ್ಜನ್ ನಕ್ಕ ಮುಖ ಮಾತ್ರ ಊಟಕ್ಕೆ ಕೂತರೂ ಬಸ್ಸಿನಲ್ಲಿ ನಿಂತರೂ ಕಣ್ಣೆದುರಿಗೆ ಬರುತ್ತಿತ್ತು.

ಎರಡು ವರ್ಷದ ನಂತರ ನಮ್ಮ ಲ್ಯಾಬು ಮೂಳೆ ಪ್ಲೇಟುಗಳ ಕೆಲಸ ಕೈಗೆತ್ತಿಕೊಂಡಿತು. ನಾನು ಕೇಳಿಯೇ ಆ ತಂಡಕ್ಕೆ ಸೇರಿದೆ. ರೋಗಿಯ ಎಲುಬಿಗೆ ತಕ್ಕಂತೆ ಆಪರೇಷನ್ ಮೇಜಿನ ಮೇಲೆಯೇ ಹೊಂದಿಸಿಕೊಳ್ಳಬಹುದಾದ ಪ್ಲೇಟು ಬೇಕಿತ್ತು. ಇರುವ ಪ್ಲೇಟನ್ನು ಬಗ್ಗಿಸಿದರೆ ಸ್ಕ್ರೂ ತೂತಿನ ಒಳಗಿನ ತಿರುಪು ಗೆರೆ ಕೆಡುತ್ತದೆ, ಆಮೇಲೆ ಸ್ಕ್ರೂ ಬಿಗಿಯಾಗಿ ಕೂರುವುದಿಲ್ಲ. ಬಗ್ಗುವ ಜಾಗವನ್ನು ತೂತುಗಳ ನಡುವೆ, ಸಪೂರ ಕುತ್ತಿಗೆಯ ಹಾಗೆ ಬೇರೆಯೇ ಮಾಡಿದೆ. ಪ್ಲೇಟಿನ ತಲೆಯ ಭಾಗವನ್ನು ಎರಡು ತುಂಡು ಮಾಡಿ, ಅಗಲ ಹೆಚ್ಚುಕಡಿಮೆ ಮಾಡುವಂತೆ ಜೋಡಿಸಿದೆ. ಅಂಚನ್ನು ಎಷ್ಟು ಸಲ ತೆಳು ಮಾಡಿದೆನೆಂದರೆ ನಮ್ಮ ಮುಖ್ಯಸ್ಥರು, "ಇನ್ನೂ ತೆಳು ಮಾಡಿದ್ರೆ ಮುರಿಯುತ್ತದೆ ಮಾರಾಯ್ತಿ," ಎಂದು ಗದರಿಸಿದರು. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸ ಎಂದು ಜನ ಹೇಳುತ್ತಾರೆ. ಅಲ್ಲ. ಪ್ರತಿ ಗೆರೆ ಎಳೆಯುವಾಗಲೂ ನನ್ನೊಳಗೆ ಸಿಟ್ಟೇ ಇತ್ತು.

ಮಾದರಿ ತಯಾರಾದಾಗ ಅಭಿಪ್ರಾಯ ಹೇಳಲಿಕ್ಕೆ ಹೊರಗಿನ ಸರ್ಜನ್ ಒಬ್ಬರು ಬೇಕಿತ್ತು. ಮುಖ್ಯಸ್ಥರು ಆರಿಸಿದ್ದು ಉಡುಪಿಯ ಅದೇ ಮನುಷ್ಯನನ್ನು. ನಾನು ಬೇಡವೆನ್ನಬಹುದಿತ್ತು. "ಅವರೇ ಬರಲಿ ಸರ್," ಎಂದೆ.

ಅಮ್ಮನ ಸ್ಕ್ಯಾನಿನಿಂದ ಅವಳ ಮಣಿಕಟ್ಟಿನ ಎಲುಬನ್ನು ಪ್ಲಾಸ್ಟಿಕಿನಲ್ಲಿ ಮುದ್ರಿಸಿದೆ. ತೆಗೆದ ಪ್ಲೇಟನ್ನು ಅವಳ ಹಳೆಯ ಎಕ್ಸ್‌ರೇ ನೋಡಿ ಅದೇ ಜಾಗಕ್ಕೆ, ಅದೇ ತೂತುಗಳಿಗೆ ಬಿಗಿದೆ. ಸರ್ಜನ್ ಬಂದ ದಿನ ಮೇಜಿನ ಮೇಲಿದ್ದ ಆರು ಪ್ಲಾಸ್ಟಿಕ್ ಎಲುಬುಗಳ ಸಾಲಿನಲ್ಲಿ ಅದನ್ನು ನಾಲ್ಕನೆಯದಾಗಿ ಇಟ್ಟೆ.

ಸರ್ಜನ್ ನಮ್ಮ ಪ್ಲೇಟು ನೋಡಿ ಮೆಚ್ಚಿದರು. ನಾಲ್ಕನೆಯದನ್ನು ಎತ್ತಿಕೊಂಡು ತುದಿಯ ಮೇಲೆ ಬೆರಳಾಡಿಸಿದರು.

"ಇದು ಯಾರು ಕೂರಿಸಿದ್ದು? ಸೈಜೂ ತಪ್ಪು, ಜಾಗವೂ ತಪ್ಪು. ಕೆಲವೇ ತಿಂಗಳಲ್ಲಿ ಹೆಬ್ಬೆರಳಿನ ಟೆಂಡನ್ ಹೋಗ್ತದೆ."

"ಬುಟ್ಟಿ ಹೊತ್ತರೆ ಹಾಗಾಗುವುದಲ್ವಾ ಸರ್?" ಎಂದೆ.

"ಬುಟ್ಟಿಗೂ ಇದಕ್ಕೂ ಎಂತ ಸಂಬಂಧ? ಇದು ಸರ್ಜನ್ ಮಾಡಿದ ತಪ್ಪು."

"ಅದನ್ನು ಇಲ್ಲಿ ಬರೆದು ಸಹಿ ಹಾಕ್ತೀರಾ?"

ಅಭಿಪ್ರಾಯ ಪತ್ರದಲ್ಲಿ ಅವರು ಬರೆದರು, ಸಹಿ ಹಾಕಿದರು. ಆಮೇಲೆ ನಾನು, "ಇದು ನನ್ನ ಅಮ್ಮನ ಕೈ," ಎಂದು ಅವಳ ಉಡುಪಿಯ ಡಿಸ್ಚಾರ್ಜ್ ಕಾಗದವನ್ನು ಆ ಪತ್ರದ ಪಕ್ಕ ಇಟ್ಟೆ. ಎರಡರಲ್ಲಿಯೂ ಒಂದೇ ಸಹಿ. ಅಂಥ ಖುಷಿ ನನಗೆ ಹಿಂದೆಂದೂ ಆಗಿರಲಿಲ್ಲ.

ಅವರು ಎರಡೂ ಕಾಗದಗಳನ್ನು ಹತ್ತಿರಕ್ಕೆ ಎಳೆದುಕೊಂಡರು. "ನನಗೆ ಈ ಪೇಷಂಟ್ ನೆನಪೇ ಇಲ್ಲ," ಎಂದರು.

ಅದನ್ನು ಕೇಳಿ ಸಿಟ್ಟು ಇಮ್ಮಡಿಯಾಯಿತು. "ಅಮ್ಮನಿಗೆ ನಿಮ್ಮ ನೆನಪು ದಿನಾ ಉಂಟು. ಕಾಪು ಮಾರ್ಕೆಟಿಗೆ ಬನ್ನಿ. ಈಗ ಹೇಳಿದ್ದನ್ನೇ ಅಲ್ಲಿ ಅಮ್ಮನಿಗೆ ಹೇಳಿ. ಮಿಕ್ಕದ್ದು ಮತ್ತೆ ನೋಡುವ."

ಅವರು ಬರುತ್ತಾರೆಂದು ನಾನು ನಂಬಿರಲಿಲ್ಲ. ಭಾನುವಾರ ಬಂದರು. ಹೆದರಿಕೆಯಿಂದಲೋ ನಾಚಿಕೆಯಿಂದಲೋ, ನನಗೆ ಈಗಲೂ ತಿಳಿಯದು. ಮೀನಿನ ನೀರಿನಲ್ಲಿ ಬೂಟು ನೆನೆಸಿಕೊಂಡು ಅಮ್ಮನ ಎದುರು ನಿಂತು, ತಗ್ಗಿದ ದನಿಯಲ್ಲಿ, "ನಿಮ್ಮ ಕೈ ಹಾಳಾದದ್ದು ಬುಟ್ಟಿಯಿಂದ ಅಲ್ಲ. ನನ್ನ ತಪ್ಪು," ಎಂದರು.

ಅಮ್ಮ ದೊಡ್ಡಮ್ಮನ ಕಡೆ ಬೊಟ್ಟು ಮಾಡಿದಳು. "ಜೋರಾಗಿ ಹೇಳಿ ಡಾಕ್ಟ್ರೇ. ಇವಳಿಗೆ ಸ್ವಲ್ಪ ಕಿವಿ ಮಂದ."

ದೊಡ್ಡಮ್ಮನಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ. ಡಾಕ್ಟರು ಮತ್ತೊಮ್ಮೆ, ನಾಲ್ಕು ಸಾಲು ಆಚೆಗೂ ಕೇಳುವಂತೆ ಹೇಳಿದರು. ಕತ್ತಿಗಳು ನಿಂತವು. ದೊಡ್ಡಮ್ಮ ತಲೆ ಎತ್ತಲಿಲ್ಲ.

ಡಾಕ್ಟರು ಹೋದ ಮೇಲೆ ಇಲ್ಲಿಗೆ ಬಿಟ್ಟುಬಿಡು ಎಂದು ಅಮ್ಮ ಹೇಳಬಹುದು ಎಂದುಕೊಂಡಿದ್ದೆ. ಅವಳು ಕೇಳಿದ್ದು, "ಆ ಸಹಿ ಹಾಕಿದ ಕಾಗದ ಎಲ್ಲಿ ಉಂಟು?"

"ನನ್ನ ಹತ್ತಿರ."

"ಕಳಿಸು. ನನಗೆ ಹೇಳಿದ್ದಾಯಿತು. ಹೀಗೆ ಇನ್ನೆಷ್ಟು ಜನರಿಗೆ ಮಾಡಿದ್ದಾರೋ ಯಾರಿಗೆ ಗೊತ್ತು?"

ಸೋಮವಾರ ಆ ಕಾಗದದ ಜೊತೆ ವೈದ್ಯಕೀಯ ಪರಿಷತ್ತಿಗೆ ದೂರು ಕಳಿಸಿದೆ. ಮನೆಯ ಜಗಳವನ್ನು ಲ್ಯಾಬಿಗೆ ತಂದೆನೆಂದು ಮುಖ್ಯಸ್ಥರು ಒಂದು ವಾರ ಮಾತು ಬಿಟ್ಟರು. ಇನ್ನು ಮುಂದೆ ಹೊರಗಿನ ಡಾಕ್ಟರು ಲ್ಯಾಬಿಗೆ ಬರುವ ದಿನ ನಾನು ಎದುರಿಗೆ ಇರಬಾರದೆಂದೂ ಹೇಳಿದರು. ಒಪ್ಪಿಕೊಂಡೆ. ವಿಚಾರಣೆ ಇನ್ನೂ ನಡೆಯುತ್ತಿದೆ. ನಮ್ಮ ಪ್ಲೇಟು ಮುಂದಿನ ಪರೀಕ್ಷೆಗೆ ಹೋಗಿದೆ. ಅಮ್ಮ ಈಗ ಎಡಗೈಯಲ್ಲಿ ಮೀನು ಕೊಯ್ಯಲು ಕಲಿತಿದ್ದಾಳೆ. ಇಷ್ಟೆಲ್ಲ ಆದ ಮೇಲೆ ಮನಸ್ಸು ತಣಿಯಿತೇ ಎಂದು ಕಾರ್ಕಳದ ಡಾಕ್ಟರಮ್ಮ ಒಮ್ಮೆ ಕೇಳಿದರು. ಸ್ವಲ್ಪ, ಎಂದೆ.