ಚಪ್ಪಾಳೆ ನಿಂತ ಮೂರು ತಿಂಗಳಿಗೆ

ನಾಟಕ, ಹಾಡು, ಗೋಡೆಚಿತ್ರಗಳ ಮೂಲಕ ಜನರ ಮನಸ್ಸು ಬದಲಿಸಲು ಹೊರಟ ನಮ್ಮಂಥವರಿಂದ ನಿಜಕ್ಕೂ ಏನಾದರೂ ಬದಲಾಯಿತೇ ಎಂದು ನೋಡಿ ಹೇಳುವುದು ಇಂದು ನಾವು ಬೀಳ್ಕೊಡುತ್ತಿರುವ ಮೇಡಂ ಅವರ ವೃತ್ತಿ. ಈ ಕ್ಷೇತ್ರದಲ್ಲಿ ಅವರಷ್ಟು ಗೌರವ ಗಳಿಸಿದವರು ವಿರಳ. ಅವರಷ್ಟು ಬೈಸಿಕೊಂಡವರು ಇನ್ನೂ ವಿರಳ. ಬೈದವರಲ್ಲಿ ನಾನೂ ಒಬ್ಬ.

ಇಪ್ಪತ್ತೆರಡು ವರ್ಷಗಳ ಹಿಂದೆ, ಮಾನಸಿಕ ಆಸ್ಪತ್ರೆಯಿಂದ ಗುಣವಾಗಿ ಮರಳಿದವರನ್ನು ದೂರವಿಡಬಾರದೆಂದು ನಮ್ಮ ತಂಡ ಬೀದಿನಾಟಕ ಆಡುತ್ತಿತ್ತು. ಆಟ ಮುಗಿದ ಕೂಡಲೇ ನಟರು ಬಣ್ಣದ ಮುಖದಲ್ಲೇ ಪ್ರಶ್ನೆಪತ್ರ ಹಂಚಿ, ತುಂಬುವವರೆಗೂ ಎದುರಿಗೇ ನಿಲ್ಲುತ್ತಿದ್ದರು. ನೂರಕ್ಕೆ ತೊಂಬತ್ತೈದು ಮಂದಿ ‘ನನ್ನ ಮನಸ್ಸು ಬದಲಾಗಿದೆ’ ಎಂದು ಗುರುತು ಹಾಕಿದ್ದರು. ನಮ್ಮ ಅನುದಾನ ಮುಂದುವರಿಯುವುದು ಮೇಡಂ ಅವರ ವರದಿಯ ಮೇಲೆ ನಿಂತಿತ್ತು. ತುಂಬಿದ ಪ್ರಶ್ನೆಪತ್ರಗಳ ಕಟ್ಟನ್ನು ಹೆಮ್ಮೆಯಿಂದ ಅವರ ಮೇಜಿನ ಮೇಲಿಟ್ಟೆ.

“ಬಡಿಸಿದವರು ಸೌಟು ಹಿಡ್ಕೊಂಡು ಎದುರಿಗೇ ನಿಂತಿದ್ರೆ, ಉಪ್ಪು ಕಮ್ಮಿ ಅಂತ ಯಾರಪ್ಪಾ ಹೇಳ್ತಾರೆ?” ಎಂದು ನಕ್ಕು ಹಿಂದಿರುಗಿಸಿದರು.

ಮೂರು ತಿಂಗಳು ಬಿಟ್ಟು, ಹೇಳದೆ ಕೇಳದೆ ಬಂದು, ನಾವು ನಾಟಕ ಆಡಿದ್ದ ಬೀದಿಯ ಕ್ಷೌರದಂಗಡಿಯ ಎದುರಿನ ಚಹಾದಂಗಡಿಯಲ್ಲಿ ನಾಲ್ಕು ದಿನ ಪೇಪರ್ ಹಿಡಿದು ಕೂತರು. ಆ ಕ್ಷೌರಿಕರು ನಮ್ಮ ನಾಟಕ ನೋಡಿ ಕಣ್ಣೀರಿಟ್ಟವರು. ಆಸ್ಪತ್ರೆಯಿಂದ ಮರಳಿದ್ದ ಬಡಗಿಯೊಬ್ಬರು ಬಾಗಿಲಿಗೆ ಬಂದರೆ, ಕುರ್ಚಿ ಖಾಲಿಯಿದ್ದರೂ “ನಾಳೆ ಬಾರಣ್ಣ” ಎನ್ನುತ್ತಿದ್ದರು. ನಾಲ್ಕು ದಿನವೂ ಅದೇ ನಾಳೆ. ಮೇಡಂ ಅದನ್ನೇ ವರದಿಯಲ್ಲಿ ಬರೆದರು.

“ಆ ಒಂದು ಸಾಲು ತೆಗೆದುಬಿಡಿ ಮೇಡಂ, ಹನ್ನೊಂದು ಜನ ಬೀದಿಗೆ ಬೀಳ್ತೀವಿ,” ಎಂದು ಅಂಗಲಾಚಿದೆ.

“ಬೀದಿನಾಟಕದವರೇ ಬೀದಿಗೆ ಹೆದರಿದ್ರೆ ಹೇಗೆ?”

ಸಾಲು ತೆಗೆಯಲಿಲ್ಲ. ಮನೆಗೆ ಬಂದು ಬಾಯಿತುಂಬ ಬೈದೆ. ಆದರೆ ಆ ಸಾಲಿನ ಕೆಳಗೇ ಮೇಡಂ ‘ಇವರಿಗೆ ಇನ್ನೊಂದು ವರ್ಷ ಕೊಡಿ, ತಪ್ಪು ಎಲ್ಲಿದೆಯೆಂದು ಈಗ ಗೊತ್ತಾಗಿದೆ’ ಎಂದು ಬರೆದು, ಅದಕ್ಕಾಗಿ ಇಡೀ ದಿನ ಮೇಲಧಿಕಾರಿಗಳೊಡನೆ ವಾದಿಸಿದರೆಂಬುದು ಆಮೇಲೆ ಕಚೇರಿಯ ಗುಮಾಸ್ತರಿಂದ ತಿಳಿಯಿತು.

ಹಾಗೆ ಸಿಕ್ಕ ಆ ವರ್ಷ ಅದೇ ಕ್ಷೌರದಂಗಡಿಯೊಳಗೇ ಆಡಲು ಹೊರಟೆವು. ನಮ್ಮ ನಟನೊಬ್ಬ ಕ್ಷೌರಿಕನಾದ. ಆ ಕ್ಷೌರಿಕರಿಗೇ ಗಿರಾಕಿಯ ಪಾತ್ರ. “ನಾಳೆ ಬಾರಣ್ಣ” ಎನ್ನಿಸಿಕೊಂಡು ದಿನವೂ ಹಿಂದಿರುಗುವುದೇ ಅವರ ಕೆಲಸ. ಮೂರನೆಯ ತಾಲೀಮಿನಲ್ಲಿ ಬಾಗಿಲಲ್ಲೇ ನಿಂತುಬಿಟ್ಟರು. “ಸಾಕು, ನಿಲ್ಸಿ. ಕತ್ತಿ ನನ್ನ ಕೈಲಿ, ಹೆದ್ರಿಕೇನೂ ನನಗೇ! ಎಂಥಾ ಗಂಡಸು ನಾನು!” ಎಂದರು. ಮರುದಿನ ಬಡಗಿ ಕುರ್ಚಿಯಲ್ಲಿದ್ದರು.

ಕುಣಿದಾಡುತ್ತ ಮೇಡಂಗೆ ಫೋನ್ ಮಾಡಿದೆ. “ಸಂತೋಷ. ಮೂರು ತಿಂಗಳು ಬಿಟ್ಟು ಬರ್ತೀನಿ,” ಎಂದರಷ್ಟೇ. ಬಂದಾಗ ಬಡಗಿ ಬೆಂಚಿನ ಮೇಲೆ ಕೂತು, “ನಾನ್ ಮೊದ್ಲು ಬಂದಿದ್ದು ಕಣಯ್ಯಾ!” ಎಂದು ಪಕ್ಕದವನೊಡನೆ ಸರದಿಗಾಗಿ ಜಗಳವಾಡುತ್ತಿದ್ದರು.

“ಈಗ ಬರ್ಕೋಬಹುದು,” ಎಂದು ಮೇಡಂ ಪೆನ್ನು ತೆಗೆದರು.

ಇಂದು ಅವರು ನಿವೃತ್ತರಾಗುತ್ತಿದ್ದಾರೆ. ಎದುರಿಗೇ ಕೂರಿಸಿಕೊಂಡು ಹೊಗಳುವ ನಮ್ಮ ಮಾತನ್ನು ಅವರು ನಂಬುವವರಲ್ಲ. ಆದ್ದರಿಂದ ನನ್ನ ಬೇಡಿಕೆ ಇಷ್ಟೇ: ಮೇಡಂ, ನೂರು ವರ್ಷ ಗಟ್ಟಿಯಾಗಿರಿ. ಮೂರು ತಿಂಗಳು ಬಿಟ್ಟು, ಹೇಳದೆ ಕೇಳದೆ ನಮ್ಮ ತಾಲೀಮಿನ ಕೋಣೆಗೆ ಬನ್ನಿ. ನೀವು ಕಲಿಸಿದ್ದು ಉಳಿದಿದೆಯೇ ಎಂದು ನೋಡಿ, ಆಮೇಲೆ ಬರೆದುಕೊಳ್ಳಿ.