ಆರಿದ ಒಲೆಯ ಶಾವಿಗೆ

ಪೀರಮ್ಮನನ್ನು ಜಿಪುಣಿ ಎಂದವರ ಬಾಯಲ್ಲಿ ಮಣ್ಣು ಬೀಳಲಿ. ವಾಡಿಯಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆ ಅವಳದು. ಇದ್ದುದರಲ್ಲೇ ಮನೆ ನಡೆಸುವುದು ಹೇಗೆಂದು ನಾನು ಅವಳನ್ನು ನೋಡಿ ಕಲಿತವಳು.

ಗಂಡ ಗೊಲ್ಲಾಳಪ್ಪ ಫರಸಿ ಕಲ್ಲಿನ ಗಣಿಯಲ್ಲಿ ಕೂಲಿ. ಸ್ವಂತ ಹೊಲವಿಲ್ಲ. ಸುಗ್ಗಿ ಮುಗಿದ ಮೇಲೆ ಪರರ ಹೊಲದಿಂದ ಪೀರಮ್ಮ ಹೊತ್ತು ತಂದ ತೊಗರಿ ಕಟ್ಟಿಗೆಯೇ ಮುಂದಿನ ಸುಗ್ಗಿಯವರೆಗೆ ಒಲೆಗೆ ಆಗಬೇಕು. ಎಪ್ಪತ್ತರ ದಶಕದಲ್ಲಿ ಚಿಮಣಿ ಎಣ್ಣೆಯೂ ಸಿಗದಂತಾದಾಗ ಅವಳೊಂದು ದಾರಿ ಕಂಡುಕೊಂಡಳು. ನೀರು ಕುದಿ ಬಂದ ಕೂಡಲೇ ಒಣಶಾವಿಗೆ ಹಾಕಿ, ಮುಚ್ಚಳ ಬಿಗಿದು, ಬೋಗಾಣಿ ಇಳಿಸಿ ಹಳೆ ಬಟ್ಟೆ ಹೊಲಿದ ಕೌದಿಯಲ್ಲಿ ಸುತ್ತಿಡುವುದು. ಉರಿಯುವ ಕಟ್ಟಿಗೆಯನ್ನು ಎಳೆದು ನೀರು ಚಿಮುಕಿಸಿ ನಾಳೆಗೆ ಉಳಿಸುವುದು. ಹೊರಗಿನಿಂದ ಒಂದು ಕೊಡ ನೀರು ತರುವಷ್ಟರಲ್ಲಿ ಶಾವಿಗೆ ಬೆಂದು ಎಳೆ ಎಳೆಯಾಗಿ ನಿಂತಿರುತ್ತಿತ್ತು.

ಮಗಳು ಅಂಬುಬಾಯಿಯನ್ನು ನೋಡಲು ನಾಲವಾರದವರು ರೈಲಿನಲ್ಲಿ ಬಂದರು. ಹುಡುಗ ಶಾಲೆ ಕಲಿತವನು, ನೌಕರಿಯವನು. ಅಂಬುಬಾಯಿಗೂ ಮನಸ್ಸಿತ್ತು. ಬೀಗರಾಗುವವರಿಗೆ ಶಾವಿಗೆ, ಬೆಲ್ಲ, ತುಪ್ಪ ಬಡಿಸಬೇಕು. ಅದಕ್ಕೆಂದೇ ಪೀರಮ್ಮ ಮಣೆಯ ಮೇಲೆ ಕೂದಲಿನಷ್ಟು ಸಣ್ಣಗೆ ಹೊಸೆದು ಒಣಗಿಸಿದ್ದಳು.

ನಾನೂ ಬಡಿಸಲು ಹೋಗಿದ್ದೆ. ಹುಡುಗನ ತಾಯಿ ಶಿವಕಾಂತಮ್ಮ ಸೀದಾ ಅಡಿಗೆಮನೆಗೆ ನುಗ್ಗಿದಳು. ಒಲೆಯಲ್ಲಿ ಬರೀ ಬೂದಿ. ನಮ್ಮ ಕಡೆ ಹೆಣ ಬಿದ್ದ ಮನೆಯಲ್ಲಿ ಮಾತ್ರ ಒಲೆ ಹಚ್ಚುವುದಿಲ್ಲ. ಅಂಥ ಮನೆಗೆ ಊಟ ಹೊರಗಿನಿಂದ ಬರುತ್ತದೆ. ಬಿಸಿ ಶಾವಿಗೆ ಮೂಲೆಯ ಕೌದಿಯೊಳಗಿತ್ತು. ಪೀರಮ್ಮ ನಗುತ್ತಲೇ ಬಿಚ್ಚಿ ತೋರಿಸಿದಳು. ಹಬೆ ಮೇಲೆದ್ದಿತು.

"ಬೆಂದ ಮ್ಯಾಲ ಉರಿ ಯಾತಕ ಬೇಕ್ರಿ?" ಎಂದಳು. ತನ್ನ ಜಾಣತನ ಕಂಡು ಬೀಗಿತ್ತಿ ಮೆಚ್ಚುತ್ತಾಳೆಂದು ತಿಳಿದಿದ್ದಳು, ಪಾಪ.

"ಆರಿದ ಒಲಿ ಅನ್ನ ಉಣ್ಣಲಿಕ್ಕ ನಾವೇನ ಮಣ್ಣಿಗಿ ಬಂದೀವೇನು?" ಎಂದು ಶಿವಕಾಂತಮ್ಮ ಹೊರಬಿದ್ದಳು. ಯಾರೂ ಒಂದು ತುತ್ತು ಮುಟ್ಟಲಿಲ್ಲ. ತೋರಿಕೆಗಾದರೂ ಎರಡು ಕಡ್ಡಿ ಉರಿಸಬಾರದಿತ್ತೇ ಎಂದು ಆಮೇಲೆ ಓಣಿಯವರೆಲ್ಲ ಬುದ್ಧಿ ಹೇಳಿದರು. ಊರ ಬಾಯಿಗೆ ಬಿದ್ದ ಮಾತು ನಿಲ್ಲುತ್ತದೆಯೇ? ಚಿತ್ತಾಪುರ, ಸೇಡಂ ಎಲ್ಲ ಕಡೆ ಅಪಶಕುನದ ಮನೆಯೆಂದು ಹಬ್ಬಿತು. ಕೊನೆಗೆ ಅಂಬುಬಾಯಿಯನ್ನು ಚಿಮ್ಮನಚೋಡದ ಒಬ್ಬ ವಯಸ್ಸಾದ ವಿಧುರನಿಗೆ ಕೊಟ್ಟರು. ಹೋಗುವಾಗ ಅವಳು ತಾಯಿಯ ಮುಖ ನೋಡಲಿಲ್ಲ. ತವರಿಗೆ ಮತ್ತೆ ಬರಲೂ ಇಲ್ಲ.

ಕೆಲವು ವರ್ಷಗಳ ಮೇಲೆ ನಾಲವಾರದ ಮಠಕ್ಕೆ ಹೋಗಿದ್ದೆ. ಪರಿಚಯದವರೊಬ್ಬರು ಶಿವಕಾಂತಮ್ಮನ ಮನೆಗೇ ಕರೆದೊಯ್ದರು. ಅವಳು ನನ್ನ ಗುರುತು ಹಿಡಿಯಲಿಲ್ಲ. ಮೂಲೆಯಿಂದ ಕೌದಿ ಸುತ್ತಿದ ಬೋಗಾಣಿ ತಂದು ಶಾವಿಗೆ ಬಡಿಸತೊಡಗಿದಳು. ನನ್ನ ಮೈಯೆಲ್ಲ ಉರಿಯಿತು. ಒಲೆ ಆರಿದೆಯಲ್ಲ ಎಂದು ಕೇಳಿಯೇಬಿಟ್ಟೆ.

"ಅದಕ್ಕೇನಾತು? ಸರಕಾರದೋರು ಬಂದು ಹೇಳಿಕೊಟ್ಟಾರ. ಭಾಳ ಕಟ್ಟಿಗಿ ಉಳಿತದ" ಎಂದಳು.

ನಾನೂ ಅಂದು ತುತ್ತು ಮುಟ್ಟದೆ ಎದ್ದು ಬಂದೆ.

ವಾಡಿಗೆ ಮರಳಿದವಳೇ ಪೀರಮ್ಮನಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ, ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಒಲೆಯ ಕೆಂಡ ಕೆದಕಿದಳು. ಒಲೆಯ ಮೇಲೆ ಪಾತ್ರೆ ಇರಲಿಲ್ಲ, ಆದರೂ ಉರಿ ಇತ್ತು. ನಾಲವಾರದ ಸಂಬಂಧ ಮುರಿದಂದಿನಿಂದ ಅವಳು ಹಗಲೆಲ್ಲ ಹಾಗೆ ಉರಿಸುತ್ತಿದ್ದಳು. ಇನ್ನಾದರೂ ಆರಿಸೆಂದು ಬೇಡಿಕೊಂಡೆ.

ಪೀರಮ್ಮ ಇನ್ನೊಂದು ತೊಗರಿ ಕಟ್ಟಿಗೆ ಒಳಗೆ ತಳ್ಳಿದಳು.

"ಹ್ಯಾಂಗ ಆರಿಸಲೆವ್ವಾ? ನನ್ನ ಮಗಳು ಇನ್ನಾ ಬದುಕ್ಯಾಳ."